ತಂತಿಗೆ ಪೋಣಿಸಿದ ಚೀಟಿಗಳು

ಹಳೆಯ ದಿನಸಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೊಕ್ಕೆಯಂತೆ ಬಾಗಿದ ತಂತಿಯೊಂದು ತೂಗುತ್ತಿದ್ದುದನ್ನು ಓದುಗರು ಕಂಡಿರಬಹುದು. ಬಂದ ಚೀಟಿಗಳನ್ನೆಲ್ಲ ಅದಕ್ಕೆ ಚುಚ್ಚಿಡುತ್ತಿದ್ದರು. ಕಡೆಗೆ ಚುಚ್ಚಿದ ಚೀಟಿಯೇ ಮೊದಲು ಹೊರಬರಬೇಕು. ಕಂಪ್ಯೂಟರಿನ ಒಡಲಿನಲ್ಲಿಯೂ ಇಂಥದೇ ಏರ್ಪಾಡೊಂದು ಉಂಟು. ಅದಕ್ಕೆ ಸ್ಟ್ಯಾಕ್ ಎಂದು ಹೆಸರು. ಯಂತ್ರವು ಮಾಡಬೇಕಾದ ಕಾರ್ಯವನ್ನು ಸಾವಿರಾರು ಸಣ್ಣ ಸಣ್ಣ ಫಂಕ್ಷನ್‌ಗಳಿಗೆ ಹಂಚಿರುತ್ತಾರೆ. ಒಂದು ಫಂಕ್ಷನ್ ಇನ್ನೊಂದಕ್ಕೆ ಕೆಲಸ ಒಪ್ಪಿಸುವಾಗ, ‘ಮುಗಿದೊಡನೆ ಇಲ್ಲಿಗೆ ಹಿಂದಿರುಗತಕ್ಕದ್ದು’ ಎಂಬ ಚೀಟಿಯೊಂದು ತಂತಿಗೆ ಬೀಳುತ್ತದೆ. ತುದಿಯಿಂದ ಬುಡದವರೆಗೆ ಈ ಚೀಟಿಗಳನ್ನು ಓದಿದರೆ, ಯಾರು ಯಾರಿಗೆ ಕೆಲಸ ಹೇಳಿದರೆಂಬ ವಂಶಾವಳಿಯೇ ಕೈಗೆ ಬರುತ್ತದೆ. ಹೀಗೆ ಓದುವುದೇ ‘ಸ್ಟ್ಯಾಕ್ ಬಿಚ್ಚುವ’ ಕೆಲಸ.

ಇದನ್ನು ಓದುವ ಅಗತ್ಯವಾದರೂ ಏನು? ಲಿನಕ್ಸ್ ಎಂಬ ವ್ಯವಸ್ಥೆಯ ತಿರುಳಾದ ಕರ್ನೆಲ್, ದೊಡ್ಡ ದೊಡ್ಡ ಗಣಕಾಗಾರಗಳಿಂದ ಹಿಡಿದು ಮನೆಮಂದಿಯ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನವರೆಗೆ ಎಲ್ಲೆಡೆಯೂ ದುಡಿಯುತ್ತಿದೆ. ಅದು ನಿಧಾನವಾದರೆ ಕಾಲಹರಣ ಮಾಡುತ್ತಿರುವವರು ಯಾರೆಂದು ಹುಡುಕಬೇಕು. ಅದಕ್ಕಾಗಿ ಪ್ರೊಫೈಲಿಂಗ್ ಎಂಬ ತಪಾಸಣೆ ಸೆಕೆಂಡಿಗೆ ಹಲವು ಬಾರಿ ಯಂತ್ರವನ್ನು ಥಟ್ಟನೆ ತಡೆದು, ಆ ಕ್ಷಣದ ಚೀಟಿಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಬಲ್ಲವರು ಸೆಕೆಂಡಿಗೆ 100 ಎನ್ನದೆ 99 ಬಾರಿ ಎನ್ನುವುದುಂಟು. ಮೇಲ್ವಿಚಾರಕರು ಪ್ರತಿದಿನವೂ ಸರಿಯಾಗಿ ಕಾಫಿಯ ವೇಳೆಗೇ ಬಂದರೆ ಕಚೇರಿಯಲ್ಲಿ ಎಂದೂ ಕೆಲಸವೇ ನಡೆಯದೆಂದು ಭಾವಿಸಿಯಾರು. ಯಂತ್ರದ ನಿಯತಕಾಲಿಕ ಕೆಲಸಗಳೊಡನೆ ತಾಳ ಕೂಡದಿರಲೆಂದೇ ಈ ಒಂದರ ವ್ಯತ್ಯಾಸ.

ತೊಡಕಿರುವುದು ಚೀಟಿಗಳಲ್ಲಿಯೇ. ಒಂದೇ ತಂತಿಯಲ್ಲಿ ಹಿಂದಿರುಗುವ ವಿಳಾಸಗಳಲ್ಲದೆ ಬೇರೆ ಲೆಕ್ಕಪತ್ರಗಳೂ ಬೆರೆತಿರುತ್ತವೆ. ಯಾವುದು ವಿಳಾಸ, ಯಾವುದು ಲೆಕ್ಕ ಎಂದು ಚೀಟಿಯ ಮೇಲೆ ಬರೆದಿರುವುದಿಲ್ಲ. ಆದುದರಿಂದ ಪ್ರತಿಯೊಂದು ಫಂಕ್ಷನ್ ತನ್ನ ವಿಳಾಸಕ್ಕೂ ಹಿಂದಿನ ವಿಳಾಸಕ್ಕೂ ನಡುವೆ ಒಂದು ಗುರುತಿನ ದಾರ ಕಟ್ಟಬೇಕೆಂಬ ಪದ್ಧತಿ ಬಂದಿತು. ಇದೇ ಫ್ರೇಂ ಪಾಯಿಂಟರ್. ಉಪಾಯ ಸರಳವಾದರೂ ದಾರ ಕಟ್ಟಲು ಕೆಲವು ಆದೇಶಗಳ ಹೊತ್ತು ಬೇಕು. ಕಟ್ಟುವ ಮುನ್ನವೇ ತಪಾಸಣೆ ಬಂದೆರಗಿದರೆ, ಕೈಯಲ್ಲಿರುವುದು ಕೆಲಸ ಒಪ್ಪಿಸಿದವನ ದಾರ. ಅದನ್ನು ಹಿಡಿದು ಹೊರಟರೆ ಸಿಗುವುದು ಅವನಿಗೂ ಹಿಂದಿನವನು. ವಂಶಾವಳಿಯಲ್ಲಿ ತಂದೆಯ ಹೆಸರು ಬಿಟ್ಟುಹೋಗಿ, ಮೊಮ್ಮಗನು ತಾತನ ಮಗನೆಂದು ದಾಖಲಾಗುತ್ತಾನೆ. ನಿಜವಾದ ಅಪರಾಧಿ ತಪ್ಪಿಸಿಕೊಂಡು ನಿರಪರಾಧಿಯ ತಲೆಗೆ ಆರೋಪ ಬರುತ್ತದೆ. ನೋಡುವವರಿಗೆ ಪಟ್ಟಿಯಲ್ಲಿ ಯಾವ ಕೊರತೆಯೂ ಕಾಣಿಸದು. ಉತ್ತರವೇ ಇಲ್ಲದಿರುವುದಕ್ಕಿಂತ ಇದು ಹೆಚ್ಚು ಅಪಾಯಕರ. ಜೊತೆಗೆ ದಾರದ ಖರ್ಚೂ ಅಲ್ಪವಲ್ಲ. ಮೆಲ್ ಗೋರ್ಮನ್ ಅವರು ಅಳೆದು ನೋಡಿದಾಗ ಕೆಲವು ಬಗೆಯ ಕೆಲಸಗಳಲ್ಲಿ ಕರ್ನೆಲ್ ಶೇಕಡ 5ರಿಂದ 10ರಷ್ಟು ನಿಧಾನವಾಗುವುದು ಕಂಡುಬಂದಿತು.

ಇನ್ನೊಂದು ವಿನೋದವನ್ನೂ ಇಲ್ಲಿ ಹೇಳಬೇಕು. ಕರ್ನೆಲ್‌ನೊಳಗಿನ ಮತ್ತೊಬ್ಬ ಪತ್ತೇದಾರನಾದ ಫಂಕ್ಷನ್ ಗ್ರಾಫ್ ಟ್ರೇಸರ್, ಫಂಕ್ಷನ್ ಎಷ್ಟು ಹೊತ್ತಿಗೆ ಮರಳಿತೆಂದು ತಿಳಿಯಲು ಅಸಲಿ ಚೀಟಿಯನ್ನು ಕಿತ್ತು ತನ್ನದೇ ವಿಳಾಸದ ಚೀಟಿಯನ್ನು ಚುಚ್ಚಿಡುತ್ತದೆ! ಈ ಸಂಗತಿಯನ್ನು ಅರಿಯದೆ ಸ್ಟ್ಯಾಕ್ ಬಿಚ್ಚುವವನು ಎಲ್ಲ ಕಡೆಯೂ ಆ ಪತ್ತೇದಾರನ ಹೆಸರನ್ನೇ ಓದುತ್ತಾನೆ. ಅಸಲಿ ಚೀಟಿ ಎಲ್ಲಿದೆಯೆಂದು ಕೇಳಿ ತಿಳಿಯುವ ಏರ್ಪಾಡನ್ನು ಪ್ರತ್ಯೇಕವಾಗಿಯೇ ಮಾಡಬೇಕಾಯಿತು.

ದಾರವಿಲ್ಲದೆಯೂ ದಾರಿ ಹುಡುಕಬಹುದೆಂದು 2006ರಲ್ಲಿ ಒಂದು ಪ್ರಯತ್ನ ನಡೆಯಿತು. ಡ್ವಾರ್ಫ್ ಎಂಬ ವಿಸ್ತಾರವಾದ ಲಿಪಿಯಲ್ಲಿ ಕಂಪೈಲರ್ ಬರೆದಿಟ್ಟ ವಿವರಗಳನ್ನು ಕರ್ನೆಲ್ಲೇ ಓದಿಕೊಳ್ಳಲೆಂಬುದು ಅದರ ಉದ್ದೇಶ. ಆದರೆ ಲಿಪಿ ಜಟಿಲ. ಕೈಯಿಂದ ಬರೆದ ಅಸೆಂಬ್ಲಿ ಭಾಗಗಳಲ್ಲಿ ವಿವರಗಳೇ ತಪ್ಪುವುದು ಸುಲಭ. ಯಂತ್ರವು ಕುಸಿಯುತ್ತಿರುವ ಗಳಿಗೆಯಲ್ಲಿ ಕಾರಣ ಹೇಳಬೇಕಾದ ಸಾಕ್ಷಿಯೇ ಎಡವಿ ಬಿದ್ದರೆ, ಮೂಲ ರೋಗದ ಸುಳಿವು ಅಲ್ಲಿಗೇ ಅಳಿಸಿಹೋಗುತ್ತದೆ. ಬಿಡಿಸಿದ ತೊಡಕಿಗಿಂತ ತಂದೊಡ್ಡಿದ ತೊಡಕೇ ಹೆಚ್ಚೆಂದು ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಕಿತ್ತುಹಾಕಿದರು. ನಿರ್ಧಾರ ಕಠಿಣವಾಗಿತ್ತು, ಆದರೆ ನ್ಯಾಯವಾಗಿತ್ತು.

ಹನ್ನೊಂದು ವರ್ಷಗಳ ಅನಂತರ ಜಾಶ್ ಪೊಯಿಂಬಫ್ ಎಂಬ ತಂತ್ರಜ್ಞರು ಬೇರೆ ಹಾದಿ ಹಿಡಿದರು. ಕಂಪೈಲರಿನ ಮಾತನ್ನು ನೆಚ್ಚದೆ, ಸಿದ್ಧವಾದ ಯಂತ್ರಾದೇಶಗಳನ್ನೇ ಒಂದೊಂದಾಗಿ ಓದುವ ಆಬ್ಜ್‌ಟೂಲ್ ಎಂಬ ಸಾಧನವನ್ನು ಅವರು ಅದಾಗಲೇ ರಚಿಸಿದ್ದರು. ‘ಇಂಥ ಆದೇಶದ ಬಳಿ ನಿಂತಾಗ ವಿಳಾಸದ ಚೀಟಿ ತುದಿಯಿಂದ ಇಷ್ಟನೆಯದು’ ಎಂದು ಅದು ಮೊದಲೇ ಲೆಕ್ಕ ಹಾಕಿ ಸರಳವಾದ ಕೋಷ್ಟಕವೊಂದನ್ನು ಬರೆದಿಡುತ್ತದೆ. ತಪಾಸಣೆಯ ವೇಳೆ ಕರ್ನೆಲ್ ಮಾಡಬೇಕಾದುದು ಕೋಷ್ಟಕದಲ್ಲಿ ಸಾಲು ಹುಡುಕುವುದಷ್ಟೆ. ದಾರ ಕಟ್ಟುವ ಮುನ್ನ, ಕಟ್ಟಿದ ಮೇಲೆ ಎಂಬ ಗೊಂದಲವೇ ಇಲ್ಲ. ಕೈಬರಹದ ಅಸೆಂಬ್ಲಿಗೆ ಮಾತ್ರ ಮನುಷ್ಯರೇ ಸೂಚನೆ ಬರೆಯಬೇಕು. ಎಕ್ಸ್86 ಜಾತಿಯ ಯಂತ್ರಗಳಿಗಾಗಿ 2017ರ ನವೆಂಬರಿನ ಲಿನಕ್ಸ್ 4.14ರಲ್ಲಿ ಇದು ಬಳಕೆಗೆ ಬಂದಿತು. ಇದರ ಬೆಲೆ, ಸುಮಾರು 2ರಿಂದ 4 ಮೆಗಾಬೈಟ್ ಹೆಚ್ಚಿನ ಸ್ಮರಣೆ. ಇದಕ್ಕೆ ಓರ್ಕ್ ಎಂದು ಹೆಸರಿಟ್ಟರು. ಡ್ವಾರ್ಫ್ ಎಂದರೆ ಕಥೆಗಳ ಕುಳ್ಳ; ಓರ್ಕ್ ಎಂಬುದು ಆ ಕುಳ್ಳರ ಹುಟ್ಟುವೈರಿಯಾದ ರಾಕ್ಷಸ. ತಂತ್ರಜ್ಞರಿಗೂ ಹಾಸ್ಯಪ್ರಜ್ಞೆ ಉಂಟು.

ಯಂತ್ರವನ್ನು ನಿಲ್ಲಿಸದೆ ಫಂಕ್ಷನ್‌ಗಳನ್ನು ಬದಲಿಸುವ ಲೈವ್ ಪ್ಯಾಚಿಂಗ್ ವಿದ್ಯೆಗೆ ಈ ಖಚಿತತೆ ಅನಿವಾರ್ಯ. ಬಳಕೆಯಲ್ಲಿರುವ ಫಂಕ್ಷನ್ನನ್ನು ಖಾಲಿಯೆಂದು ತಿಳಿದು ಬದಲಿಸಿದರೆ ಅನಾಹುತವಾದೀತು. ಆದ್ದರಿಂದ ದಾರಿ ಸಂದೇಹಾಸ್ಪದವೆನಿಸಿದರೆ ಸ್ಟ್ಯಾಕ್ ಬಿಚ್ಚುವ ಕ್ರಮ ಹಾಗೆಂದು ಒಪ್ಪಿಕೊಳ್ಳುತ್ತದೆ, ಬದಲಾವಣೆ ಕಾಯಬೇಕಾಗುತ್ತದೆ. ಕುಸಿತದ ವರದಿಯಲ್ಲಿಯೂ ಅಷ್ಟೆ. ತಂತಿಯಲ್ಲಿ ಸಿಕ್ಕರೂ ಜಾಡಿಗೆ ಸೇರುವುದೆಂದು ಖಾತ್ರಿಯಾಗದ ವಿಳಾಸದ ಹಿಂದೆ ಕರ್ನೆಲ್ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮುದ್ರಿಸುತ್ತದೆ.