ಹೊರಟ ಮಕ್ಕಳು, ಉಳಿದ ಊರು

ಪ್ರತಿ ವರ್ಷವೂ ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ ಕಲಬುರಗಿಯ ರೈಲು ನಿಲ್ದಾಣದಲ್ಲಿ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಗಾಡಿಗಾಗಿ ಕಾದು ನಿಂತ ತರುಣ ತರುಣಿಯರು. ಅವರ ಕೈಯಲ್ಲಿ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು. ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ಉಪಾಧ್ಯಾಯನಾಗಿದ್ದ ನಾನು ಅಂಥ ಎಷ್ಟೋ ಮಕ್ಕಳನ್ನು ಬೀಳ್ಕೊಟ್ಟು ಹೆಮ್ಮೆಯಿಂದ ಮನೆಗೆ ಮರಳಿದ್ದೇನೆ. ಆ ಹೆಮ್ಮೆಯ ಹಿಂದೆ ಅಡಗಿದ್ದ ನಷ್ಟವು ನನಗೆ ಕಂಡದ್ದು ಬಹಳ ತಡವಾಗಿ.

ವಿದ್ಯಾರ್ಥಿಯು ಊರು ಬಿಡುವಾಗ ಅವನ ಬೆನ್ನ ಹಿಂದೆ ಹಣವೂ ಹೊರಡುತ್ತದೆ. ಸೇಡಂ, ಚಿಂಚೋಳಿಗಳ ಹೊಲಗಳಲ್ಲಿ ಬೆಳೆದ ತೊಗರಿಯನ್ನು ಮಾರಿ ಬಂದ ರೂಪಾಯಿಯು ಬೆಂಗಳೂರಿನಲ್ಲಿ ಕೊಠಡಿಯ ಬಾಡಿಗೆಯಾಗುತ್ತದೆ, ಊಟದ ಖರ್ಚಾಗುತ್ತದೆ, ಕಾಲೇಜಿನ ಶುಲ್ಕವಾಗುತ್ತದೆ. ಅದರಿಂದ ಬಾಳುವವರು ಅಲ್ಲಿನ ಅಂಗಡಿಯವರು, ಮನೆಯೊಡೆಯರು. ಪದವಿ ಕೈಗೆ ಬಂದಾಗ ಉದ್ಯೋಗವೂ ಅಲ್ಲಿಯೇ ದೊರೆಯುತ್ತದೆ. ಬಿತ್ತಿದವರು ಇವರು, ರಾಶಿ ಮಾಡಿಕೊಂಡವರು ಅವರು. ನುರಿತ ಕೆಲಸಗಾರರು ಅಲ್ಲಿರುವರೆಂದು ಹೊಸ ಕಂಪನಿಯು ಅಲ್ಲಿಗೇ ಬರುತ್ತದೆ. ಕಂಪನಿ ಅಲ್ಲಿದೆಯೆಂದು ಮರುವರ್ಷದ ಮಕ್ಕಳೂ ಅಲ್ಲಿಗೇ ಹೊರಡುತ್ತಾರೆ. ಮಗನು ಮನೆಗೆ ಹಣ ಕಳುಹಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕಳುಹಿಸುತ್ತಾನೆ, ನಿಜ. ಅದರಿಂದ ತಾರಸಿಯ ಮನೆ ಏಳುತ್ತದೆ. ಅದರೊಳಗೆ ಇಬ್ಬರು ಮುದುಕರಿರುತ್ತಾರೆ.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳೆಂದು ಗುರುತಿಸಿತು. ಅವುಗಳಲ್ಲಿ 21 ತಾಲ್ಲೂಕುಗಳು ಅಂದಿನ ಗುಲಬರ್ಗಾ ವಿಭಾಗದವು. ವಿಶ್ವವಿದ್ಯಾಲಯವಿಲ್ಲದ್ದರಿಂದ ಹೀಗಾಯಿತೆನ್ನಲು ಬರುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯವು 1980ರಲ್ಲಿಯೇ ಸ್ಥಾಪಿತವಾಗಿತ್ತು, ನಾನು ಎಂ.ಎ. ಓದಿದ್ದೂ ಅಲ್ಲಿಯೇ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂದಿತು. 2013ರಿಂದ ಸಂವಿಧಾನದ 371ಜೆ ವಿಧಿಯ ಅನ್ವಯ ಇಲ್ಲಿನ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸ್ಥಾನಗಳು ಈ ಭಾಗದ ಮಕ್ಕಳಿಗೆ ಮೀಸಲಾಗಿವೆ. ಈ ಎರಡನೆಯ ಸೌಲಭ್ಯವು ಹೊರಡುವ ದಾರಿಯನ್ನೇ ಸುಗಮಗೊಳಿಸಿತೆಂಬುದು ಬೇರೆ ಮಾತು. ಸರಕಾರಿ ಹುದ್ದೆಗಳಲ್ಲಿಯೂ ಮೀಸಲಾತಿ ಉಂಟು. ಆದರೆ ಹುದ್ದೆಗಳೆಷ್ಟು, ಪದವೀಧರರೆಷ್ಟು!

ಹಾಗೆಂದು ಹೋಗಬೇಡಿರೆಂದು ಮಕ್ಕಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಬಡ ಒಕ್ಕಲಿಗನ ಮಗಳಿಗೆ ಆ ರೈಲೇ ಬಿಡುಗಡೆ. ನಾವು ಕಟ್ಟಬೇಕಾದುದು ಮರಳಿ ಬರುವ ದಾರಿಯನ್ನು. ಕಾಲೇಜುಗಳನ್ನು ಕಟ್ಟಿದೆವು, ಅವುಗಳಲ್ಲಿ ಕಲಿತ ವಿದ್ಯೆಗೆ ಬೆಲೆ ಕೊಡುವ ಕಾರ್ಖಾನೆ, ಪ್ರಯೋಗಾಲಯ, ಕಚೇರಿಗಳನ್ನು ಅದೇ ಉತ್ಸಾಹದಿಂದ ಕಟ್ಟಲಿಲ್ಲ. ಇಂಜಿನಿಯರಾಗಿರುವ ನನ್ನ ಶಿಷ್ಯೆಯೊಬ್ಬಳು ಕಳೆದ ದೀಪಾವಳಿಗೆ ಊರಿಗೆ ಬಂದಿದ್ದಳು. "ಇಲ್ಲಿಯೇ ಇದ್ದುಬಿಡಬಾರದೇನಮ್ಮ?" ಎಂದೆ. "ಇರುತ್ತೇನೆ, ಗುರುಗಳೇ. ನನಗೆ ಇಲ್ಲಿ ಏನು ಕೆಲಸ ಕೊಡಿಸುವಿರಿ?" ಎಂದಳು. ಅವಳು ಹಾಸ್ಯಕ್ಕಾಗಿ ಕೇಳಿರಲಿಲ್ಲ.