ಕುರ್ಚಿಯನ್ನು ಪೂಜೆಗಿಟ್ಟವರಿಗೆ

'ಐಕಾನಿಕ್' ಅನ್ನೋ ಪದ ಕೇಳಿದ್ರೆ ನಂಗೆ ಈಗೀಗ ಮೈ ಉರಿಯುತ್ತೆ. ಅದನ್ನ ತಂದು ಜೋ ಕೊಲಂಬೊನ ಟ್ಯೂಬ್ ಚೇರ್ ಪಕ್ಕ ಅಂಟಿಸಿದಾಗಲಂತೂ ಇನ್ನೂ ಜಾಸ್ತಿ.

ನೋಡದೇ ಇರೋರಿಗೆ ಹೇಳಿಬಿಡ್ತೀನಿ. ನಾಲ್ಕು ಪ್ಲಾಸ್ಟಿಕ್ ಕೊಳವೆ, ಒಂದಕ್ಕಿಂತ ಒಂದು ದಪ್ಪ. ಮೇಲೆ ಫೋಮ್, ಅದರ ಮೇಲೊಂದು ಹೊದಿಕೆ. ಅಡುಗೆಮನೇಲಿ ಸ್ಟೀಲ್ ಡಬ್ಬಿಗಳನ್ನ ಇಡ್ತೀವಲ್ಲ, ಹಾಗೆ ಒಂದರೊಳಗೊಂದು ತೂರಿಸಿ, ದಾರ ಎಳೆದು ಬಾಯಿ ಕಟ್ಟೋ ಚೀಲದಲ್ಲಿ ಹಾಕಿ ಕೊಡೋದು. ಮನೆಗೆ ತಂದು ಹೊರಗೆ ತೆಗೀರಿ, ಉಕ್ಕು-ರಬ್ಬರಿನ ಕ್ಲಿಪ್ಪುಗಳಿಂದ ಜೋಡಿಸಿ. ನೆಟ್ಟಗೆ ಕೂರಬೇಕಾ, ಒರಗಬೇಕಾ, ಕಾಲು ಚಾಚಿ ಬಿದ್ಕೋಬೇಕಾ, ಅದು ನಿಮ್ಮಿಷ್ಟ. 1969ರಲ್ಲಿ ಕೊಲಂಬೊ ಇದನ್ನ ರೂಪಿಸಿದ, ಫ್ಲೆಕ್ಸ್‌ಫಾರ್ಮ್ ತಯಾರಿಸಿತು.

ಅಂದ್ರೆ ಇದಕ್ಕೆ ಒಂದು ಆಕಾರ ಅಂತಲೇ ಇಲ್ಲ ಮಾರಾಯ್ರೆ! ಆಕಾರ ಕೊಡೋ ಅಧಿಕಾರವನ್ನ ಆತ ಕೂರೋನ ಕೈಗೆ ಬಿಟ್ಟಿದ್ದ. ಈಗ ನೀವು ಅದರ ಫೋಟೋಗಳನ್ನ ಹುಡುಕಿ ನೋಡಿ. ನಾನು ನೋಡಿದಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಅದೇ ಜೋಡಣೆ, ಅದೇ ಕೋನ. ಬಿಚ್ಚಿ ಜೋಡಿಸಲಿ ಅಂತ ಮಾಡಿದ್ದನ್ನ ವಿಗ್ರಹ ಮಾಡಿ ಕೂರಿಸಿಬಿಟ್ರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲೂ ಅದಿದೆ. ಮ್ಯೂಸಿಯಮ್ಮಿನಲ್ಲಿ ಕೂರೋ ಹಾಗಿಲ್ಲ, ಕ್ಲಿಪ್ ಮುಟ್ಟೋ ಹಾಗೂ ಇಲ್ಲ.

"ಹಳೇ ಫೋಮ್ ಸ್ವಾಮಿ, ಮುಟ್ಟಿದ್ರೆ ಪುಡಿಯಾಗುತ್ತೆ" ಅಂತೀರಿ. ಒಪ್ಪಿದೆ, ಪಾಲಿಯುರೆಥೇನಿಗೆ ವಯಸ್ಸಾಗುತ್ತೆ. ಮೂಲ ಪ್ರತಿ ಹಾಗೇ ಇರಲಿ ಬಿಡಿ. ಆದರೆ ಕಪ್ಪೆಲ್ಲಿನಿಯವರು ಇದನ್ನ ಮತ್ತೆ ತಯಾರಿಸಿದ್ರಲ್ಲ, ಅಂಥದ್ದೊಂದನ್ನ ಪಕ್ಕದಲ್ಲಿಟ್ಟು "ಬಿಚ್ಚಿ ನೋಡಿ" ಅನ್ನೋಕೆ ಏನು ಕಷ್ಟ? ಅದರ ಬೆಲೆಯೂ ಸಾವಿರಾರು ಡಾಲರ್ ಅನ್ನೋದು ಬೇರೆ ಮಾತು.

ಇನ್ನು ಕೆಲವರ ವಾದ: ಅವನದ್ದೆಲ್ಲ ಶ್ರೀಮಂತರ ಆಟಿಕೆ, ಜನಸಾಮಾನ್ಯರ ಮಾತು ಬರೀ ಬೂಟಾಟಿಕೆ. ಇದನ್ನ ನಾನು ಒಪ್ಪೋಲ್ಲ. ಕಾರ್ಟೆಲ್‌ಗೆ ಇದೇ ಮನುಷ್ಯ ಮಾಡಿಕೊಟ್ಟ 'ಯೂನಿವರ್ಸಾಲೆ' ನೋಡಿ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಕುರ್ಚಿ, 1967ರಿಂದ ತಯಾರಾಯ್ತು. ಕಾಲು ಬಿಚ್ಚಿ ಬೇರೆ ಕಾಲು ಹಾಕಿದ್ರೆ ಎತ್ತರವೇ ಬದಲಾಗುತ್ತೆ. ಶೋಕಿಗೆ ಮಾತ್ರ ಮಾಡೋನು ಇಷ್ಟು ತಲೆ ಕೆಡಿಸ್ಕೊಳ್ತಾನಾ? ಅಗ್ಗದ ಪ್ಲಾಸ್ಟಿಕ್ಕಿನ ಮೇಲಿದ್ದ ಆ ಕಾಲದ ನಂಬಿಕೆಯನ್ನ 1973ರ ತೈಲ ಬಿಕ್ಕಟ್ಟು ಮುರಿದದ್ದು ನಿಜ. ಆದ್ರೆ ಅದನ್ನ ನೋಡೋಕೆ ಕೊಲಂಬೊ ಇರಲಿಲ್ಲ. 1930ರ ಜುಲೈ 30ರಂದು ಮಿಲಾನಿನಲ್ಲಿ ಹುಟ್ಟಿದವನು 1971ರ ಜುಲೈ 30ರಂದು, ನಲವತ್ತೊಂದನೇ ಹುಟ್ಟುಹಬ್ಬದ ದಿನವೇ, ಹೃದಯ ನಿಂತು ಹೋಗಿಬಿಟ್ಟ. ಅಡುಗೆಮನೆ, ಬಚ್ಚಲು, ಹಾಸಿಗೆ, ಬೀರು ಎಲ್ಲವನ್ನೂ 28 ಚದರ ಮೀಟರಿನಲ್ಲಿ ಅಡಕ ಮಾಡಿದ ಅವನ ಮನೆಯ ಮಾದರಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಬಂದದ್ದು ಮರುವರ್ಷ. ಇಷ್ಟು ಕಮ್ಮಿ ಜಾಗದ ಬಗ್ಗೆ ಯೋಚಿಸಿದೋನ ಕುರ್ಚಿಯನ್ನ ಇವತ್ತು ಮಾರೋರು ತೋರಿಸೋದು ಎಲ್ಲಿ ಗೊತ್ತಾ? ಮೈದಾನದಂಥ ಬಿಳೀ ಹಾಲಿನ ನಟ್ಟನಡುವೆ, ಒಂಟಿಯಾಗಿ!

ಆ ಚೀಲದ ಫೋಟೋ ಮಾತ್ರ ಯಾರೂ ಹಾಕೋಲ್ಲ. ನೀವು ಇದರ ಬಗ್ಗೆ ಬರೆಯೋದಿದ್ರೆ, ದಯವಿಟ್ಟು ಮೊದಲು ಅದನ್ನ ಹಾಕಿ :-)