ನ್ಯಾಯಾಲಯದ ಕರೆಯೋಲೆ ಮನೆಬಾಗಿಲಿಗೆ ಬಂದಾಗ



ನಮ್ಮ ಹಿರಿಯರು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಮನೆತನಕ್ಕೆ ಬಂದ ಕಳಂಕವೆಂದೇ ಭಾವಿಸಿದ್ದರು. ಆ ಭಾವನೆ ಇಂದಿಗೂ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಆದರೆ ಕಾಲ ಬದಲಾಗಿದೆ. ಹಿಂದೆ ಸಾಲ ಬೇಕಾದರೆ ಊರಿನ ಸಾಹುಕಾರನ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಪತ್ರಕ್ಕೆ ಸಾಕ್ಷಿ ಹಾಕುವವರು ಬೇಕಾಗಿತ್ತು. ಇಂದು ಕಿಸೆಯೊಳಗಿನ ಒಂದು ಕ್ರೆಡಿಟ್ ಕಾರ್ಡು ಯಾರಿಗೂ ತಿಳಿಯದಂತೆ ಸಾಲ ಕೊಡುತ್ತದೆ. ಯಾರಿಗೂ ತಿಳಿಯದಂತೆ ಬೆಳೆದ ಆ ಸಾಲ ಒಂದು ದಿನ ನ್ಯಾಯಾಲಯದ ಸಮನ್ಸಿನ ರೂಪದಲ್ಲಿ ಮನೆಬಾಗಿಲಿಗೆ ಬಂದಾಗ, ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ.

ಕೆಲವು ವರ್ಷಗಳ ಹಿಂದಿನ ಒಂದು ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ಹೆಸರು, ಊರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಒಂದು ಸಂಜೆ ಪರಿಚಿತ ಮನೆತನದ ತಾಯಿಯೊಬ್ಬರು ನಮ್ಮ ಮನೆಗೆ ಬಂದರು. ಸೆರಗಿನ ಮರೆಯಿಂದ ಒಂದು ಲಕೋಟೆ ತೆಗೆದು ನನ್ನ ಮುಂದಿಟ್ಟರು. "ಅಣ್ಣಾರ, ಇದನ್ನಿಷ್ಟು ನೋಡ್ರಿ. ನಮ್ಮನಿಯವ್ರಿಗೆ ಮಾತ್ರ ತಿಳಿಸಬ್ಯಾಡ್ರಿ" ಎಂದರು. ಅದು ಸಿವಿಲ್ ನ್ಯಾಯಾಲಯದ ಸಮನ್ಸು. ಬ್ಯಾಂಕೊಂದು ಅವರ ಮಗನ ಮೇಲೆ ಕ್ರೆಡಿಟ್ ಕಾರ್ಡಿನ ಬಾಕಿಗಾಗಿ 3,12,000 ರೂಪಾಯಿಗಳ ದಾವೆ ಹೂಡಿತ್ತು. ಬೇಲಿಫ ಬಂದ ದಿನ ಮಗ ಕೆಲಸಕ್ಕೆ ಹೋಗಿದ್ದ. ತಾಯಿ ಸಹಿ ಹಾಕಿ ತೆಗೆದುಕೊಂಡಿದ್ದರು. ಹೃದಯದ ಚಿಕಿತ್ಸೆ ಪಡೆದಿದ್ದ ಯಜಮಾನರಿಗೆ ತಿಳಿದರೆ ಏನಾದೀತೋ ಎಂಬ ಅಂಜಿಕೆಯಿಂದ ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ಮಗನಿಗೂ ಹೇಳಿರಲಿಲ್ಲ. ಹೀಗೆ 24 ದಿನಗಳು ಕಳೆದುಹೋಗಿದ್ದವು.

ಆ ತಾಯಿಯ ಮಮತೆಯನ್ನು ಯಾರೂ ಶಂಕಿಸಲಾರರು. ಆದರೆ ಇನ್ನೊಂದು ವಾರ ಆ ಲಕೋಟೆ ಟ್ರಂಕಿನಲ್ಲಿಯೇ ಉಳಿದಿದ್ದರೆ, ಮಗನ ಮಾತನ್ನು ಕೇಳುವ ಮೊದಲೇ ನ್ಯಾಯಾಲಯ ತೀರ್ಪಿನ ಕಡೆಗೆ ಸಾಗುವ ಸಂಭವವಿತ್ತು. ಆದುದರಿಂದಲೇ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಸಮನ್ಸು ಎಂದರೇನು?

ಸಮನ್ಸು ತೀರ್ಪಲ್ಲ, ಬಂಧನದ ಆಜ್ಞೆಯೂ ಅಲ್ಲ. "ನಿಮ್ಮ ಮೇಲೆ ಇಂಥವರು ಇಷ್ಟು ಹಣಕ್ಕಾಗಿ ದಾವೆ ಹೂಡಿದ್ದಾರೆ, ನಿಮ್ಮ ಉತ್ತರವೇನು?" ಎಂದು ನ್ಯಾಯಾಲಯ ಕೇಳುವ ಪ್ರಶ್ನೆಯೇ ಸಮನ್ಸು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಮನ್ಸಿನೊಂದಿಗೆ ವಾದಪತ್ರದ ಪ್ರತಿ ಇರಬೇಕು. ಅದರಲ್ಲಿ ನ್ಯಾಯಾಲಯದ ಹೆಸರು, ಮೊಹರು, ದಾವೆಯ ಸಂಖ್ಯೆ ಮತ್ತು ಹಾಜರಾಗಬೇಕಾದ ದಿನಾಂಕ ಇರುತ್ತವೆ. ಮೊತ್ತಮೊದಲು ಗುರುತು ಹಾಕಿಕೊಳ್ಳಬೇಕಾದುದು ಎರಡು ದಿನಾಂಕಗಳನ್ನು: ಸಮನ್ಸು ಕೈಸೇರಿದ ದಿನ ಮತ್ತು ಹಾಜರಾಗಬೇಕಾದ ದಿನ.

ಸಾಮಾನ್ಯ ದಾವೆಯಲ್ಲಿ ಸಮನ್ಸು ತಲುಪಿದ 30 ದಿನಗಳೊಳಗೆ ಪ್ರತಿವಾದಿಯು ತನ್ನ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಹೆಚ್ಚಿನ ಕಾಲಾವಕಾಶ ಕೇಳಬಹುದು. ಆದರೆ ಅದಕ್ಕೂ ಮಿತಿಯುಂಟು. ಕೆಲವೊಮ್ಮೆ ಬ್ಯಾಂಕುಗಳು ಸಂಹಿತೆಯ 37ನೆಯ ಆದೇಶದ ಅನ್ವಯ ಸಂಕ್ಷಿಪ್ತ ದಾವೆ ಹೂಡುತ್ತವೆ. ಆಗ ಕಾಲ ಇನ್ನೂ ಕಡಿಮೆ. ಸಮನ್ಸು ತಲುಪಿದ 10 ದಿನಗಳೊಳಗೆ ಹಾಜರಾತಿ ದಾಖಲಿಸಬೇಕು. ಅನಂತರ ತೀರ್ಪಿಗಾಗಿ ಇನ್ನೊಂದು ಸಮನ್ಸು ಬಂದಾಗ, ಮತ್ತೆ 10 ದಿನಗಳೊಳಗೆ ಪ್ರತಿವಾದ ಮಾಡಲು ಅನುಮತಿ ಕೋರಿ ಅರ್ಜಿ ಹಾಕಬೇಕು. ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಸಮನ್ಸು ಎಂಬುದನ್ನು ವಕೀಲರಿಂದ ಅಂದೇ ತಿಳಿದುಕೊಳ್ಳುವುದು ಲೇಸು.

ಸಮನ್ಸನ್ನು ನಿರಾಕರಿಸಿದರೆ ತಪ್ಪಿಸಿಕೊಳ್ಳಬಹುದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ಪ್ರತಿವಾದಿ ಮನೆಯಲ್ಲಿಲ್ಲದಾಗ, ಅವನೊಂದಿಗೆ ವಾಸಿಸುವ ಪ್ರಾಪ್ತ ವಯಸ್ಸಿನ ಕುಟುಂಬದ ಸದಸ್ಯರಿಗೆ, ಹೆಣ್ಣಾಗಲಿ ಗಂಡಾಗಲಿ, ಸಮನ್ಸನ್ನು ಕೊಡಬಹುದು. ನಿರಾಕರಿಸಿದರೆ ಮನೆಯ ಬಾಗಿಲಿಗೆ ಅಂಟಿಸಿ ವರದಿ ಸಲ್ಲಿಸಬಹುದು. ಕೈಯಲ್ಲಿ ತೆಗೆದುಕೊಂಡರೆ ವಿಷಯ ಮನೆಯೊಳಗೆ ಉಳಿಯುತ್ತದೆ. ಬಾಗಿಲಿಗೆ ಅಂಟಿಸಿದರೆ ಓಣಿಗೆಲ್ಲ ತಿಳಿಯುತ್ತದೆ.

ಹಾಜರಾಗದಿದ್ದರೆ ನ್ಯಾಯಾಲಯ ಏಕಪಕ್ಷೀಯವಾಗಿ ವಿಚಾರಣೆ ನಡೆಸಿ ಡಿಕ್ರಿ ಕೊಡಬಹುದು. ಹಾಜರಾಗಿಯೂ ಉತ್ತರ ಸಲ್ಲಿಸದಿದ್ದರೆ, ವಾದಪತ್ರದಲ್ಲಿ ಹೇಳಿದ್ದನ್ನು ಒಪ್ಪಿದಂತೆಯೇ ಭಾವಿಸಬಹುದು. ಈಗಾಗಲೇ ಏಕಪಕ್ಷೀಯ ಡಿಕ್ರಿಯಾಗಿದ್ದರೂ ಎದೆಗುಂದಬೇಕಾಗಿಲ್ಲ. ಡಿಕ್ರಿಯಾದ ದಿನದಿಂದ, ಅಥವಾ ಸಮನ್ಸು ಸರಿಯಾಗಿ ತಲುಪಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ, 30 ದಿನಗಳೊಳಗೆ ಅದನ್ನು ರದ್ದುಪಡಿಸುವಂತೆ ಅರ್ಜಿ ಸಲ್ಲಿಸಬಹುದು.

ಸಾಲ ಬೆಳೆಯುವ ಬಗೆ

ಆ ಯುವಕ ಕಾರ್ಡಿನಿಂದ ಖರ್ಚು ಮಾಡಿದ್ದು 1,40,000 ರೂಪಾಯಿ. ಬಾಕಿ ಇಮ್ಮಡಿಗೂ ಮಿಗಿಲಾಗಿದ್ದು ಹೇಗೆಂದು ತಾಯಿ ಕೇಳಿದರು. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡಾ 3.5ರಷ್ಟಿರುತ್ತದೆ, ಎಂದರೆ ವರ್ಷಕ್ಕೆ ಶೇಕಡಾ 42. ಒಂದು ಲಕ್ಷ ರೂಪಾಯಿ ಬಾಕಿಗೆ ತಿಂಗಳ ಬಡ್ಡಿ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 630 ರೂಪಾಯಿ. ಬಿಲ್ಲಿನಲ್ಲಿ ಸೂಚಿಸಿದ ಕನಿಷ್ಠ ಮೊತ್ತವೆಂದು 5,000 ರೂಪಾಯಿ ಕಟ್ಟಿದರೆ, ಅದರಲ್ಲಿ 4,130 ರೂಪಾಯಿ ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿಗೆ ಸಲ್ಲುವುದು ಕೇವಲ 870 ರೂಪಾಯಿ! ಆ ಕನಿಷ್ಠ ಮೊತ್ತವೂ ತಪ್ಪಿದರೆ ವಿಳಂಬ ಶುಲ್ಕ ಸೇರುತ್ತದೆ.

ಇಷ್ಟು ಬಡ್ಡಿ ಅನ್ಯಾಯವಲ್ಲವೇ ಎಂದು ಯಾರೂ ಕೇಳಬಹುದು. ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತವೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಆದರೆ 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಆದುದರಿಂದ ಬಡ್ಡಿ ಹೆಚ್ಚಾಯಿತೆಂಬ ಒಂದೇ ಮಾತನ್ನು ನೆಚ್ಚಿ ಕೂರುವಂತಿಲ್ಲ. ಲೆಕ್ಕದ ತಪ್ಪನ್ನು ಎತ್ತಿ ತೋರಿಸುವುದು ಬೇರೆ. ಪಾವತಿಯಾಗದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೂ ಬಡ್ಡಿ ಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶಿಸಿತು. ನೀವು ಕಟ್ಟಿದ ಕಂತು ಜಮೆಯಾಗಿದೆಯೇ, ಕೇಳದ ವಿಮೆಯ ಹಣ ಸೇರಿದೆಯೇ, ಮಾಡದ ಖರೀದಿ ನಮೂದಾಗಿದೆಯೇ ಎಂಬುದನ್ನೆಲ್ಲ ತಿಂಗಳ ಲೆಕ್ಕಪಟ್ಟಿಗಳಿಂದ ಒಂದೊಂದಾಗಿ ಪರಿಶೀಲಿಸಬೇಕು. ಆ ಯುವಕ ಕಟ್ಟಿದ್ದ 18,000 ರೂಪಾಯಿ ಬ್ಯಾಂಕಿನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಕಾಲಮಿತಿಯನ್ನೂ ನೋಡಬೇಕು. ಇಂತಹ ಹಣದ ದಾವೆಗೆ 1963ರ ಕಾಲಮಿತಿ ಕಾಯಿದೆಯಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಆ ಅವಧಿಯೊಳಗೆ ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರೆ ಅಥವಾ ಭಾಗಶಃ ಹಣ ಕಟ್ಟಿದ್ದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ತೀರಿಸಬೇಕಾದ ಸಾಲವನ್ನು ತೀರಿಸುವುದು ಧರ್ಮ. ಸಲ್ಲದ ಲೆಕ್ಕವನ್ನು ಅಂಜಿ ಒಪ್ಪಿಕೊಳ್ಳುವುದು ಧರ್ಮವೂ ಅಲ್ಲ, ಜಾಣತನವೂ ಅಲ್ಲ.

ಜೈಲಿನ ಭಯ

"ನನ್ನ ಮಗನ್ನ ಜೇಲಿಗೆ ಹಾಕ್ತಾರೇನ್ರಿ?" ಎಂದು ಆ ತಾಯಿ ಮೂರು ಸಲ ಕೇಳಿದರು. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಡಿಕ್ರಿಯಾದ ಮೇಲೆಯೂ, ಹಣವಿದ್ದು ದುರುದ್ದೇಶದಿಂದ ಕೊಡದವರನ್ನು ಮಾತ್ರ ಸಿವಿಲ್ ಬಂಧನಕ್ಕೆ ಒಳಪಡಿಸಬಹುದೇ ಹೊರತು, ನಿಜವಾಗಿಯೂ ಕೈಲಾಗದವರನ್ನಲ್ಲ ಎಂಬುದನ್ನು 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸ್ಪಷ್ಟಪಡಿಸಿದರು. ಹಣದ ಡಿಕ್ರಿಗಾಗಿ ಸ್ತ್ರೀಯರನ್ನಂತೂ ಬಂಧಿಸುವಂತಿಲ್ಲ.

ಜಪ್ತಿಗೂ ಕಾನೂನು ಎಲ್ಲೆ ಹಾಕಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆಗಳು, ಧಾರ್ಮಿಕ ಸಂಪ್ರದಾಯದಂತೆ ಸ್ತ್ರೀಯು ಮೈಮೇಲಿಂದ ತೆಗೆಯಬಾರದ ಆಭರಣ, ಇವನ್ನು ಮುಟ್ಟುವಂತಿಲ್ಲ. ಸಂಬಳದಲ್ಲಿ ಮೊದಲ ಒಂದು ಸಾವಿರ ರೂಪಾಯಿಗೂ, ಉಳಿದುದರ ಮೂರನೆಯ ಎರಡು ಭಾಗಕ್ಕೂ ರಕ್ಷಣೆಯಿದೆ. ಪ್ರಾಪ್ತ ವಯಸ್ಸಿನ ಮಗನ ಕಾರ್ಡಿನ ಸಾಲಕ್ಕೆ, ತಾವೇ ಜಾಮೀನು ನಿಂತಿರದ ಹೊರತು, ತಂದೆತಾಯಿಗಳು ಹೊಣೆಗಾರರಲ್ಲ. ಸಾಲಗಾರನು ತೀರಿಕೊಂಡರೆ, ವಾರಸುದಾರರ ಹೊಣೆ ಅವನಿಂದ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಾಲಕ್ಕಾಗಿ ಕೊಟ್ಟ ಚೆಕ್ಕು ಅಮಾನ್ಯವಾದ ಮೊಕದ್ದಮೆ ಬೇರೆ ಬಗೆಯದು. ಅದು ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ನಡೆಯುವ ಕ್ರಿಮಿನಲ್ ಪ್ರಕರಣ. ಎರಡು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗಲೆಂದು ಕೊಟ್ಟ ಆದೇಶ ಹಣವಿಲ್ಲದೆ ಮರಳಿದರೂ ಅಂತಹುದೇ ಕ್ರಮ ಜರುಗಬಹುದು. ಆ ಸಮನ್ಸಿಗೆ ಗೈರುಹಾಜರಾದರೆ ವಾರಂಟು ಹೊರಡಬಹುದು.

ವಾಟ್ಸಾಪಿನಲ್ಲಿ ಬರುವ "ಎರಡು ಗಂಟೆಗಳಲ್ಲಿ ಬಂಧನ" ಎಂಬಂಥ ಬೆದರಿಕೆಗಳು ಮೋಸಗಾರರ ಕೈವಾಡ. ಯಾವ ನ್ಯಾಯಾಲಯವೂ ಫೋನಿನಲ್ಲಿ ಹಣ ಕಟ್ಟಿಸಿಕೊಳ್ಳುವುದಿಲ್ಲ. ದಾವೆಯ ಸಂಖ್ಯೆಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿಯೋ ನ್ಯಾಯಾಲಯದ ಕಚೇರಿಯಲ್ಲಿಯೋ ಪರಿಶೀಲಿಸಬಹುದು. ಮೋಸವೆಂದು ಕಂಡರೆ 1930 ಸಂಖ್ಯೆಗೆ ದೂರು ಕೊಡಬೇಕು. ವಸೂಲಿಯ ಏಜೆಂಟರು ಬೆಳಗಿನ 8ಕ್ಕೆ ಮೊದಲು, ಸಂಜೆ 7ರ ಬಳಿಕ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ತಿಳಿಸಿದೆ. ನೆಂಟರಿಷ್ಟರ ಮುಂದೆ ಅವಮಾನಿಸುವ ಹಕ್ಕು ಅವರಿಗಿಲ್ಲ.

ರಾಜಿಯ ದಾರಿ

ಲೆಕ್ಕ ನಿಜವಾಗಿದ್ದರೆ, ಉತ್ತರ ಸಲ್ಲಿಸಿದ ಮೇಲೂ ರಾಜಿಯ ಬಾಗಿಲು ತೆರೆದೇ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ನಡೆಯುವ ಲೋಕ ಅದಾಲತ್ತಿನಲ್ಲಿ ಇಂತಹ ಪ್ರಕರಣಗಳು ಇತ್ಯರ್ಥವಾಗುತ್ತವೆ. ಅಲ್ಲಿ ಮುಗಿದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳುತ್ತದೆ. ಹೀಗಾಗಿ ಬ್ಯಾಂಕೂ ಮಾತುಕತೆಗೆ ಒಲವು ತೋರುತ್ತದೆ. ಅಲ್ಲಿಯ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ. ಆದುದರಿಂದ ಕಟ್ಟಲು ಸಾಧ್ಯವಾಗುವಷ್ಟೇ ಕಂತಿಗೆ ಒಪ್ಪಬೇಕು. ವಕೀಲರಿಗೆ ಶುಲ್ಕ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. ಸ್ತ್ರೀಯರಿಗೆ ವರಮಾನದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.

ಹಣವನ್ನು ಬ್ಯಾಂಕಿನ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕೇ ಹೊರತು ಏಜೆಂಟರ ಕೈಗೆ ಕೊಡಬಾರದು. ಕೊನೆಯ ಕಂತಿನ ನಂತರ ಬಾಕಿಯಿಲ್ಲವೆಂಬ ಪತ್ರವನ್ನು ತಪ್ಪದೆ ಪಡೆಯಬೇಕು. ಕಡಿಮೆ ಹಣಕ್ಕೆ ರಾಜಿಯಾದುದು ಸಾಲದ ಚರಿತ್ರೆಯಲ್ಲಿ ನಮೂದಾಗಿ, ಮುಂದೆ ಸಾಲ ಪಡೆಯುವಾಗ ಅಡ್ಡಿಯಾಗಬಹುದು ಎಂಬುದೂ ತಿಳಿದಿರಲಿ.

ಆ ಮನೆಯಲ್ಲಿ ಆದದ್ದೂ ಇದೇ. ಉಳಿದ ಆರು ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಕೆಯಾಯಿತು. ಜಮೆಯಾಗದ ಹಣದ ರಸೀದಿಯನ್ನು ತೋರಿಸಿದ ಮೇಲೆ ಬ್ಯಾಂಕಿನವರ ಮಾತು ಮೃದುವಾಯಿತು. ಲೋಕ ಅದಾಲತ್ತಿನಲ್ಲಿ 1,75,000 ರೂಪಾಯಿಗಳಿಗೆ, ತಲಾ 25,000 ರೂಪಾಯಿಗಳ ಏಳು ಕಂತುಗಳಂತೆ ರಾಜಿಯಾಯಿತು.

ಆದರೆ ಅದಕ್ಕಿಂತ ಕಠಿಣವಾದ ಕೆಲಸ ಮೊದಲ ದಿನವೇ ಆಗಬೇಕಾಗಿತ್ತು. ಯಜಮಾನರಿಗೆ ತಿಳಿಸಲೇಬೇಕೆಂದು ನಾನು ಒತ್ತಾಯಿಸಿದೆ. ಅಂದು ರಾತ್ರಿ ನಾನೂ ಅವರ ಮನೆಗೆ ಹೋದೆ. ಮಗ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಕಾರ್ಡಿನಿಂದ ಕಟ್ಟಿದ್ದು 2021ರಲ್ಲಿ ತಂದೆಗಾದ ಹೃದಯದ ಚಿಕಿತ್ಸೆಯ ಬಿಲ್ಲು. ಅದೇ ವರ್ಷ ಅವನ ಕೆಲಸ ಹೋಗಿತ್ತು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನನ್ನ ಜೀವಕ್ಕಂತ ಮಾಡಿದ ಸಾಲ ನನಗಽ ಹೇಳಬಾರದಾಗಿತ್ತೇನಪಾ?" ಎಂದಷ್ಟೇ ಕೇಳಿದರು. ಮರುದಿನ ಬೆಳಿಗ್ಗೆ ತಮ್ಮ ಪೆನ್ಶನ್ನಿನ ಪಾಸ್‌ಬುಕ್ಕು ಹಿಡಿದು ಮಗನೊಂದಿಗೆ ಅವರೇ ನನ್ನ ಮನೆಗೆ ಬಂದರು. ಏಳು ಕಂತುಗಳಲ್ಲಿ ಮೂರನ್ನು ಅವರೇ ಕಟ್ಟಿದರು. ಕಾನೂನಿನಂತೆ ಅವರು ಹೊಣೆಗಾರರಾಗಿರಲಿಲ್ಲ. ಅದನ್ನು ನಾನು ಅವರಿಗೆ ತಿಳಿಸಿಯೂ ಇದ್ದೆ.

ಬಂಧುಗಳೆ, ನ್ಯಾಯಾಲಯದ ಲಕೋಟೆ ಬಂದರೆ ಅಂದೇ ಒಡೆದು ಓದಿರಿ. ಬಂದ ದಿನಾಂಕವನ್ನು ಅದರ ಮೇಲೆ ಬರೆದಿಡಿರಿ. ಮನೆಯವರನ್ನು ಕೂರಿಸಿಕೊಂಡು ಹೇಳಿರಿ. ಮರುದಿನ ವಕೀಲರನ್ನು ಕಾಣಿರಿ. ಸಾಲಕ್ಕೆ ನೂರು ಕಾರಣಗಳಿರಬಹುದು; ಮುಚ್ಚಿಟ್ಟು ತೀರಿದ ಸಾಲವನ್ನು ಮಾತ್ರ ನನ್ನ ವೃತ್ತಿಜೀವನದಲ್ಲಿ ಒಂದನ್ನೂ ಕಂಡಿಲ್ಲ.

ಮುಂದಿನ ಸಂಚಿಕೆಯಲ್ಲಿ, ಬಂಧುಮಿತ್ರರ ಸಾಲಕ್ಕೆ ಜಾಮೀನು ನಿಲ್ಲುವ ಮೊದಲು ಅರಿತಿರಬೇಕಾದ ವಿಷಯಗಳನ್ನು ಕುರಿತು ವಿಚಾರ ಮಾಡೋಣ.